ಸಿ ಮುಹೂಬರ ಕಿವಿ ಮತ್ತು ಅರ್ಧ ಡಬ್ಬಿ ಮದ್ದು

ಸೆತೀಫ್ ಸೀಮೆಯಲ್ಲಿ ಎಂಜಿನ್ ರಿಪೇರಿಯನ್ನು ಕೈಕಸುಬಿನಿಂದ ವಿದ್ಯೆಯ ಮಟ್ಟಕ್ಕೆ ಏರಿಸಿದವರನ್ನು ನೆನೆಯುವಾಗ, ನಾವೆಲ್ಲ ಗೌರವದಿಂದ ‘ಸಿ ಮುಹೂಬ್’ ಎಂದು ಕರೆಯುವ ಮುಹೂಬ್ ಐತ್ ವಾಲಿ ಅವರ ಹೆಸರು ಮೊದಲು ಬರುವುದು ನ್ಯಾಯವೇ ಆಗಿದೆ. ಮೂವತ್ತಮೂರು ವರ್ಷ ನಮ್ಮ ತರಬೇತಿ ಕೇಂದ್ರದಲ್ಲಿ ಪಾಠ ಹೇಳಿ ಅವರು ಈ ಬೇಸಿಗೆಯಲ್ಲಿ ನಿವೃತ್ತರಾದರು. ಮೊದಲು ಶಿಷ್ಯನೂ ಆಮೇಲೆ ಸಹೋದ್ಯೋಗಿಯೂ ಆದ ನನಗೆ ಅವರ ಬೋಧನಾಕ್ರಮದ ಬಗ್ಗೆ ಬರೆಯಲು ಈ ಅಭಿನಂದನಾ ಪುಸ್ತಕದ ಸಂಪಾದಕರು ಹೇಳಿದ್ದಾರೆ. ನಾನು ಬರೆಯಹೊರಟಿರುವುದು ಬೇರೆ. ಅದನ್ನು ಬರೆಯಬೇಕೇ ಬೇಡವೇ ಎಂಬುದು ಈ ಸಾಲಿಗೆ ಬಂದರೂ ನನಗೆ ತೀರ್ಮಾನವಾಗಿಲ್ಲ.

ನಾನು ಸೇರಿದ ಚಳಿಗಾಲದಲ್ಲಿ ನನ್ನ ಹರಿದ ಬೂಟು ನೋಡಿ, ತಮ್ಮ ಬೂಟು ತಮಗೆ ಬಿಗಿಯಾಗುತ್ತದೆಂದು ಹೇಳಿ ಕೊಟ್ಟುಬಿಟ್ಟರು. ಅದು ನನಗೆ ಎರಡು ಅಳತೆ ದೊಡ್ಡದಾಗಿತ್ತು. ಎಂಜಿನ್ ಆಯಿಲ್‌ಗೆ ಮೇಲಿಂದ ಸುರಿಯಲೆಂದು ಅಂಗಡಿಯವರು ಡಬ್ಬಿಯಲ್ಲಿ ಮಾರುವ ಮದ್ದಿನಿಂದ ಪ್ರಯೋಜನವಿದೆಯೇ ಎಂದು ಆ ವರ್ಷ ನಾನು ಕೇಳಿದ್ದೆ.

“ಒಳ್ಳೆ ಆಯಿಲ್‌ಗೆ ಬೇಕಾದ್ದೆಲ್ಲ ಹಾಕಿಯೇ ಕಳಿಸಿರ್ತಾರೆ ಕಣಯ್ಯ ಜೆಲ್ಲೂಲ್,” ಎಂದರು. “ನೀನು ಮೇಲೆ ಸುರಿಯೋದು ಎಂಜಿನ್ನಿಗಲ್ಲ, ನಿನ್ನ ಭಯಕ್ಕೆ.”

ಆ ದಿನಗಳಲ್ಲಿ ಪ್ರತಿ ಶುಕ್ರವಾರ ಅವರು ಹಳೆಯ ಕಾರುಗಳ ಸಂತೆಗೆ, ಕೊಳ್ಳಲು ಹೊರಟ ಯಾರ ಜೊತೆಗಾದರೂ, ಬಿಟ್ಟಿಯಾಗಿ ಹೋಗುತ್ತಿದ್ದರು. ಸವೆದ ಎಂಜಿನ್ನಿಗೆ ಮಂದವಾದ ಮದ್ದು ಸುರಿದರೆ ಕಟಕಟ ಸದ್ದು ಕೆಲವು ವಾರ ಅಡಗುತ್ತದೆ. ಮಾರುವವರ ಹಳೆಯ ಉಪಾಯವದು. ಸಿ ಮುಹೂಬರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಆ ಉಪಾಯವನ್ನು ಬಯಲು ಮಾಡುತ್ತಿದ್ದರು. ಹೀಗಾಗಿ ನಮ್ಮೂರಲ್ಲಿ ಗಲಾಟೆ ಮಾಡುವ ಎಂಜಿನ್ ಬೇಗ ಮಾರಾಟವಾಗುತ್ತಿತ್ತು, ಸುಮ್ಮನಿರುವ ಎಂಜಿನ್ ನೋಡಿದರೆ ಜನ ಹಿಂದೆ ಸರಿಯುತ್ತಿದ್ದರು.

ಹದಿಮೂರು ವರ್ಷದ ಹಿಂದೆ ನಾನೇ ಒಂದು ಕಾರು ಕೊಳ್ಳಲು ಅವರನ್ನು ಕರೆದೊಯ್ದೆ. ಮಾರುವವರು ಅಮ್ಮಾರ್ ಬೂಖಲ್ಫಾ. ನಲವತ್ತು ವರ್ಷ ಟ್ಯಾಕ್ಸಿ ಓಡಿಸಿ, ಕಣ್ಣು ಮಂಜಾಯಿತೆಂದು ಗಾಡಿ ಬಿಡುತ್ತಿದ್ದ ಹಿರಿಯರು. ಸಿ ಮುಹೂಬರು ಬಹಳ ಹೊತ್ತು ಆಲಿಸಿದರು.

“ಈ ಮೌನ ಎಂಜಿನ್ನಿಂದಲ್ಲ,” ಎಂದರು. “ಡಬ್ಬಿಯಿಂದ ಬಂದದ್ದು.”

ಸುತ್ತ ಜನ ಸೇರಿದ್ದರು. ಅಮ್ಮಾರ್ ಮುಖ ಬಿಳಿಚಿಕೊಂಡಿತು. “ಇಷ್ಟು ವರ್ಷದಲ್ಲಿ ಒಬ್ಬರ ಕೈಲೂ ಕಳ್ಳ ಅನ್ನಿಸ್ಕೊಂಡಿಲ್ಲ ನಾನು,” ಎಂದವರೇ ಪಕ್ಕದ ಚಹಾದವನಿಂದ ಬೋಗುಣಿ ಕಿತ್ತುಕೊಂಡು, ಅಲ್ಲೇ ನೆಲದ ಮೇಲೆ ಮಲಗಿ, ಎಂಜಿನ್ನಿನ ತಳದ ಬೋಲ್ಟ್ ಬಿಚ್ಚಿದರು. ಹೊಸ ಆಯಿಲ್ ತೆಳ್ಳಗೆ, ಹೊಂಬಣ್ಣವಾಗಿ ಸುರಿಯಿತು. ಮದ್ದಿನ ಜಿಗುಟು ಕಾಣಲಿಲ್ಲ. ನಮ್ಮಲ್ಲಿ ಹಿರಿಯರ ಕ್ಷಮೆ ಕೇಳುವ ರೀತಿ ಒಂದೇ: ಸಿ ಮುಹೂಬರು ಸಂತೆಯೆಲ್ಲ ನೋಡುತ್ತಿರುವಂತೆ ಅಮ್ಮಾರ್ ಅವರ ತಲೆಗೆ ಮುತ್ತಿಟ್ಟರು, ಹೇಳಿದ ಬೆಲೆಗೆ ಆ ಕಾರನ್ನು ತಾವೇ ಕೊಂಡರು. ನನಗೆ ಕಾರು ತಪ್ಪಿತು.

ಆಮೇಲೆ ಅವರು ಸಂತೆಗೆ ಕಾಲಿಡಲಿಲ್ಲ. ಎಷ್ಟು ಕರೆದರೂ, “ಬೇಡಪ್ಪ. ಮರ್ಯಾದಸ್ಥನಿಗೆ ಕಳ್ಳ ಅಂದ ಕಿವಿ ಇದು,” ಎನ್ನುತ್ತಿದ್ದರು. ಸ್ಕ್ರೂಡ್ರೈವರ್ ಕಿವಿಗಿಡುವುದನ್ನೂ ಬಿಟ್ಟರು. ಮದ್ದಿನ ಬಗ್ಗೆ ವಿದ್ಯಾರ್ಥಿಗಳು ಕೇಳಿದರೆ, ಅಷ್ಟು ಖಚಿತವಾಗಿ ಮಾತಾಡುತ್ತಿದ್ದವರು, “ನನಗೆ ಗೊತ್ತಿಲ್ಲ” ಎಂದು ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಕಳೆದ ಚಳಿಗಾಲ ಅಮ್ಮಾರ್ ಹಾಸಿಗೆ ಹಿಡಿದಿದ್ದರು. ನನ್ನನ್ನು ಕರೆಸಿಕೊಂಡರು.

“ಅರ್ಧ ಡಬ್ಬಿ ಸುರಿದಿದ್ದೆ ಕಣೋ,” ಎಂದರು. “ಎಲ್ಲರೂ ಸುರೀತಾರೆ, ನೀನೂ ಸುರಿ ಅಂದ್ರು. ಸಂತೆ ದಿನ ಬೆಳಿಗ್ಗೆ ನಾಚಿಕೆಯಾಯ್ತು. ಆಯಿಲ್ ಎಲ್ಲ ಇಳಿಸಿ ಹೊಸದು ತುಂಬಿದೆ. ಒಳಗೆ ಅಂಟಿಕೊಂಡಿದ್ದು ಎಲ್ಲಿಗೆ ಹೋಗುತ್ತೆ? ನಿನ್ನ ಮೇಷ್ಟ್ರು ಅದನ್ನೂ ಕೇಳಿಸ್ಕೊಂಡ.”

“ಅವತ್ತೇ ಹೇಳಬಹುದಿತ್ತಲ್ಲ, ಯಜಮಾನ್ರೇ?”

“ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ತಲೆಗೆ ಮುತ್ತಿಟ್ಟುಬಿಟ್ಟ. ಆಮೇಲೆ ಹೇಗೆ ಹೇಳ್ಲಿ? ನಾನು ಇರೋತನಕ ನೀನೂ ಹೇಳ್ಬೇಡ.”

ವಸಂತಕ್ಕೆ ಮೊದಲೇ ಅವರು ತೀರಿಕೊಂಡರು. ಈಗ ಮಾತಿನ ಋಣವಿಲ್ಲ, ಆದರೆ ತೀರಿಹೋದವರ ಮರ್ಯಾದೆ ಕಳೆಯುವ ಮಾತನ್ನು ಹೀಗೆ ಪುಸ್ತಕದಲ್ಲಿ ಅಚ್ಚು ಹಾಕಿಸುವುದು ಸರಿಯೇ? ಬದುಕಿರುವವರು ತಮ್ಮ ಕಿವಿಯನ್ನೇ ನಂಬದೆ ಕೂತಿರುವಾಗ ಸುಮ್ಮನಿರುವುದು ಸರಿಯೇ? ಮದ್ದಿನ ವಿಷಯವಂತೂ ನನಗೆ ಇನ್ನಷ್ಟು ಗೋಜಲಾಗಿದೆ. ಆ ಕಾರು ಇವತ್ತಿಗೂ ಓಡುತ್ತಿದೆ. ಎಂಜಿನ್ ಗಟ್ಟಿಯಾಗಿದ್ದರೆ ಅಮ್ಮಾರ್ ಸುರಿದದ್ದೇಕೆ? ಸವೆದಿದ್ದರೆ ಹದಿಮೂರು ವರ್ಷ ಬಾಳಿದ್ದು ಹೇಗೆ? ಅಂಟಿಕೊಂಡ ಆ ಚೂರು ಮದ್ದು ಇಷ್ಟು ಕಾಲ ಕಾಯಿತೆಂದು ನಂಬಲಾರೆ. ನಮ್ಮಲ್ಲಿ ವಾರ ಶುರುವಾಗುವ ಭಾನುವಾರ ನಾನು ಸಿ ಮುಹೂಬರ ತರಗತಿಗೆ ಅವರ ಬದಲು ಪಾಠ ಹೇಳಲು ಹೋಗಬೇಕು, ಮೊದಲ ಪ್ರಶ್ನೆ ಮದ್ದಿನ ಬಗ್ಗೆಯೇ ಬರುತ್ತದೆ, ಉತ್ತರ ನನ್ನ ಬಳಿ ಇಲ್ಲ.

ಗುರುಗಳೇ, ನನಗೆ ಖಚಿತವಾಗಿ ಗೊತ್ತಿರುವುದು ಒಂದೇ. ಹಳೆಯ ಆಯಿಲ್ ಪೂರ್ತಿ ಇಳಿಸಿ ಹೊಸದು ತುಂಬಿದ ಮೇಲೂ ಉಳಿದಿದ್ದ ಮದ್ದನ್ನು ನೀವು ಅವತ್ತು ಕೇಳಿಸಿಕೊಂಡಿರಿ. ನಿಮ್ಮ ಕಿವಿ ತಪ್ಪಿರಲಿಲ್ಲ. ದೇವರು ನಿಮಗೆ ದೀರ್ಘಾಯುಷ್ಯವನ್ನೂ, ಎಂಜಿನ್ನಿನ ಮುಂದೆ ಬಗ್ಗಲು ಬೇಕಾದಷ್ಟು ಸೊಂಟದ ಬಲವನ್ನೂ ಕೊಡಲಿ. ನನಗಿನ್ನೂ ಕಾರಿಲ್ಲ. ಈ ಶುಕ್ರವಾರ ಬೆಳಿಗ್ಗೆ ನಿಮ್ಮ ಬಾಗಿಲಿಗೆ ಬರುತ್ತೇನೆ. ಆ ಉದ್ದನೆಯ ಸ್ಕ್ರೂಡ್ರೈವರ್ ಹುಡುಕಿಡಿ.