ಬಸ್ಸಿನಲ್ಲಿ ಕಾವು ಕೊಟ್ಟ ಕೆಂಡತ್ತೆ

ಸೇತುವೆಯಿಂದ ಮಾರುಕಟ್ಟೆಗೆ ಓಡಾಡುವ ಹಳದಿ ಬಸ್ಸಿನ ಕಂಡಕ್ಟರಮ್ಮನನ್ನು ಊರೆಲ್ಲ ಕರೆಯುತ್ತಿದ್ದುದು ಕೆಂಡತ್ತೆ ಎಂದೇ. ಕೋಪ ಸದಾ ಮೂಗಿನ ತುದಿಯಲ್ಲಿರುತ್ತಿತ್ತು ಎಂಬುದು ಅದಕ್ಕೆ ಒಂದು ಕಾರಣ. ಇನ್ನೊಂದು, ಅವಳು ಡ್ರ್ಯಾಗನ್ ಕುಲದವಳು. ಆ ಕುಲದವರ ಕತ್ತಿನ ಹಿಂದೆ ಮೀನಿನ ಮೈಮೇಲಿರುವಂಥ ಹೊಳೆಯುವ ಹುರುಪೆಗಳಿರುತ್ತವೆ, ಮೈ ಯಾವಾಗಲೂ ಜ್ವರ ಬಂದವರ ಹಾಗೆ ಸುಡುತ್ತಿರುತ್ತದೆ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಕುದಿಯುವ ಚಹಾವನ್ನು ಗಟಗಟನೆ ಕುಡಿಯುವ ಜನ. ಚಳಿಗಾಲದಲ್ಲಿ ಕೆಂಡತ್ತೆಯ ಪಕ್ಕದ ಸೀಟಿಗಾಗಿ ಮುದುಕರು ಮುದುಕರೇ ಜಗಳವಾಡುತ್ತಿದ್ದರು.

ಅವಳ ದನಿಯೂ ಅಷ್ಟೇ ಜೋರು. "ಒಳಗೆ ಸರೀರಿ! ಬಾಗಿಲಲ್ಲೇನು ಬೇರು ಬಿಟ್ಟಿದ್ದೀರಾ?" ಎಂದು ಅವಳು ಕೂಗಿದರೆ ಬಸ್ಸಿನೊಳಗಿನವರಷ್ಟೇ ಅಲ್ಲ, ಫುಟ್‌ಪಾತಿನ ಮೇಲೆ ನಡೆಯುವವರೂ ಒಂದು ಹೆಜ್ಜೆ ಸರಿಯುತ್ತಿದ್ದರು. ಬಸ್ಸಿನ ಡ್ರೈವರ್ ಆ ಕುಲದವನಲ್ಲ. ಮಾತು ಕಡಿಮೆ. "ಹಾರ್ನ್ ಕೆಟ್ಟು ವರ್ಷವಾಯ್ತು, ರಿಪೇರಿ ಬೇಡ ಅಂತ ನಾನೇ ಹೇಳಿದೀನಿ" ಎಂದು ಅವಳತ್ತ ಬೆರಳು ತೋರಿಸುವುದು ಅವನ ಮಾಮೂಲಿ ತಮಾಷೆ.

ಕೆಂಡತ್ತೆ ಮದುವೆಯಾಗಲಿಲ್ಲ. ಬೀಗ ರಿಪೇರಿ ಮಾಡುವ ತಮ್ಮ, ಅವನ ಹೆಂಡತಿ, ಇವಳು, ಮೂವರೂ ಅಂಗಡಿಯ ಮೇಲಿನ ಮನೆಯಲ್ಲಿದ್ದರು. ತಮ್ಮನ ಹೆಂಡತಿಗೆ ಮಗು ಬೇಕೆಂಬ ಆಸೆ ಬಹಳ. ಆ ಕುಲದಲ್ಲಿ ಹೆಂಗಸರು ಹೆರುವುದು ಮೊಟ್ಟೆಯನ್ನು. ಚಿಕ್ಕ ಕುಂಬಳಕಾಯಿಯಷ್ಟು ದೊಡ್ಡದು, ಬೂದು ಬಣ್ಣದ್ದು. ಹೆತ್ತ ಮೇಲೆ ತಾಯಿಯ ಮೈ ತಣ್ಣಗಾಗಿಬಿಡುತ್ತದೆ, ಆಕೆಯನ್ನೇ ಕಂಬಳಿ ಹೊದಿಸಿ ಮಲಗಿಸಬೇಕು. ಹಾಗಾಗಿ ಮೊಟ್ಟೆಗೆ ಕಾವು ಕೊಡುವ ಹಕ್ಕು ಮಗುವಿನ ಸೋದರತ್ತೆಯದು. ಅವಳು ಒಳಕೋಣೆಯಲ್ಲಿ ಮೊಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂರಬೇಕು, ಹೊಸ್ತಿಲು ದಾಟಬಾರದು. ಒಲೆಯ ಶಾಖ ತಾಗಿಸಬಾರದು, ಅದರಿಂದ ಮಗುವಿನ ಎದೆ ಕಲ್ಲಾಗುತ್ತದೆಂದು ನಂಬಿಕೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕೋಣೆಯಲ್ಲಿ ಯಾರೂ ಪಿಟ್ಟೆನ್ನಬಾರದು. ಮಗು ಮೌನದಲ್ಲೇ ಬಲಿಯುತ್ತದೆ ಎಂದು ಹಿರಿಯರು ಹೇಳುತ್ತ ಬಂದಿದ್ದರು.

ಮೊದಲನೆಯ ಮೊಟ್ಟೆಗೆ ಕೆಂಡತ್ತೆ ಹೀಗೆಯೇ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಅದು ಒಡೆಯಲೇ ಇಲ್ಲ. ಅದನ್ನು ಹಿತ್ತಲಲ್ಲಿ ಮಣ್ಣು ಮಾಡಿದ ದಿನ ಅಂಗಡಿಯ ಬಾಗಿಲನ್ನು ತಮ್ಮ ತೆಗೆಯಲಿಲ್ಲ, ಅವನ ಹೆಂಡತಿ ಒಂದು ತೊಟ್ಟು ನೀರು ಮುಟ್ಟಲಿಲ್ಲ.

ಈಗ ಎರಡನೆಯದು. ರಜೆ ಹಾಕಿ ಕೂತ ಕೆಂಡತ್ತೆಯ ಕಾಲು ಜೋಮು ಹಿಡಿಯಿತು, ಸೊಂಟ ಬಿದ್ದುಹೋಯಿತು. ಒಡೆಯಬೇಕಾದ ಗಡುವು ಬಂತು, ಹೋಯಿತು. ಮೊಟ್ಟೆ ಕಲ್ಲಿನ ಹಾಗೆ ಕೂತಿತ್ತು.

ಕೊನೆಗೆ ದೊಡ್ಡಜ್ಜನನ್ನು ಕರೆಸಿದರು. ದೊಡ್ಡಜ್ಜ ಗಡಿಯಾರ ರಿಪೇರಿಯವನು. ಜೀವಮಾನವಿಡೀ ಸಣ್ಣ ಸಪ್ಪಳಗಳಿಗೆ ಕಿವಿಗೊಟ್ಟವನಾದ್ದರಿಂದ ಮೊಟ್ಟೆಗಳಿಗೆ ಕಿವಿಯಿಟ್ಟು ಕೇಳುವ ಹಿರಿತನವನ್ನೂ ಕುಲದವರು ಅವನಿಗೇ ಕೊಟ್ಟಿದ್ದರು. ಒಳ್ಳೆಯ ಮನುಷ್ಯ. ಅವನು ಬೂಟು ಬಿಚ್ಚಿಟ್ಟು, ಮಂಡಿಯೂರಿ, ಮೊಟ್ಟೆಗೆ ಕಿವಿಯಿಟ್ಟ. ಉಗುರಿನಿಂದ ಮೆಲ್ಲಗೆ ತಟ್ಟಿದ. ಮತ್ತೆ ಕಿವಿಯಿಟ್ಟ. ಎದ್ದು ನಿಂತಾಗ ಅವನ ಮುಖ ನೋಡಿಯೇ ತಮ್ಮನ ಹೆಂಡತಿ ಕಂಬಳಿಯೊಳಗೆ ಮುಖ ಮುಚ್ಚಿಕೊಂಡಳು.

"ಏನೂ ಕೇಳಿಸ್ತಿಲ್ಲಮ್ಮ," ಎಂದು ಅವನು ಪಿಸುಗುಟ್ಟಿದ. "ನಾಳೆ ಸಂಜೆ ಮಣ್ಣಿಗೆ ಕೊಟ್ಟುಬಿಡೋಣ. ಇಟ್ಟುಕೊಂಡಷ್ಟೂ ಸಂಕಟ."

ಕೆಂಡತ್ತೆಗೆ ತಡೆಯಲಾಗಲಿಲ್ಲ. ಇಷ್ಟು ದಿನ ಗಂಟಲಲ್ಲೇ ಅದುಮಿಟ್ಟುಕೊಂಡಿದ್ದು ಒಮ್ಮೆಲೇ ಹೊರಬಿತ್ತು. "ಏನು ಮಾತು ಅಂತ ಆಡ್ತೀರಿ ಅಜ್ಜಾ! ಕೊಡಲ್ಲ! ಯಾರು ಬಂದು ಕೇಳಿದ್ರೂ ಕೊಡಲ್ಲ!"

ಕಿಟಕಿಯ ಗಾಜು ಗಡಗಡ ಅಂದಿತು. ಅದೇ ಗಳಿಗೆಯಲ್ಲಿ ಅವಳ ಅಂಗೈಯ ಕೆಳಗೆ ಏನೋ ಟಕ್ ಎಂದಿತು.

"ಅಲ್ಲಾಡಿತು!" ಎಂದಳು ಅವಳು.

ಎಲ್ಲರೂ ಗಪ್‌ಚಿಪ್ಪಾದರು. ದೊಡ್ಡಜ್ಜ ಮತ್ತೆ ಕಿವಿಯಿಟ್ಟ. ಎಷ್ಟು ಹೊತ್ತು ಕಾದರೂ ಏನೂ ಇಲ್ಲ. ಅಕ್ಕನ ಹೆಗಲ ಮೇಲೆ ಕೈಯಿಟ್ಟು ತಮ್ಮ, "ಬಿಡಕ್ಕ, ನಿನಗೆ ಭ್ರಮೆ" ಎಂದ.

ಅವಳಿಗೆ ಮಾತ್ರ ಅದು ಭ್ರಮೆಯಲ್ಲವೆಂದು ಗೊತ್ತಿತ್ತು. ಬೆಳಗಿನವರೆಗೂ ಯೋಚಿಸಿದಳು. ನಮ್ಮ ಪೂರ್ವಜರು ಬೆಟ್ಟದ ತುದಿಯಲ್ಲಿ ಮೊಟ್ಟೆಯಿಟ್ಟವರು. ಅಲ್ಲಿ ಗಾಳಿ, ಗುಡುಗು, ಅವರದೇ ಘರ್ಜನೆ. ಅಂಥ ಕಡೆ ಮೌನ ಎಲ್ಲಿಂದ ಬರಬೇಕು? ಈ ಮಗುವಿಗೆ ಹೊರಗೆ ಯಾರಾದರೂ ಇದ್ದಾರೆ ಅಂತ ಹೇಗೆ ತಿಳಿಯಬೇಕು? ಇಡೀ ದಿನ ಗಂಟಲು ಹರಿದುಕೊಳ್ಳಬಹುದಾದ ಜಾಗ ಅವಳಿಗೆ ತಿಳಿದದ್ದು ಒಂದೇ.

ಬೆಳಿಗ್ಗೆ ಎದ್ದವಳೇ ಮೊಟ್ಟೆಯನ್ನು ಹೊಟ್ಟೆಗೆ ಹಳೆಯ ಶಾಲಿನಿಂದ ಬಿಗಿಯಾಗಿ ಕಟ್ಟಿಕೊಂಡಳು, ಮೇಲೆ ಖಾಕಿ ಕೋಟು ತೊಟ್ಟಳು. ಗುಂಡಿ ಹತ್ತಲಿಲ್ಲ. ಪಿನ್ನು ಚುಚ್ಚಿದಳು.

ಬಾಗಿಲಿಗೆ ಅಡ್ಡವಾಗಿ ತಮ್ಮ ನಿಂತ. "ಅಕ್ಕಾ, ಹೊಸ್ತಿಲು ದಾಟಬಾರದು! ಕುಲದವರು ಏನಂದಾರು?"

"ಬಸ್ಸಿನ ಮೆಟ್ಟಿಲ ಮೇಲೆ ನಿಂತು ನನ್ನ ಅರ್ಧ ಆಯಸ್ಸು ಕಳೆದಿದೆ. ನನ್ನ ಹೊಸ್ತಿಲು ಅದೇ. ಸರಿ ಆಚೆ."

ಅವನು ಸರಿಯಲಿಲ್ಲ. ಆಗ ಒಳಗಿನಿಂದ ಅವನ ಹೆಂಡತಿ ಕಂಬಳಿ ಸುತ್ತಿಕೊಂಡೇ ಗೋಡೆ ಹಿಡಿದು ನಡೆದು ಬಂದಳು. ತುಟಿ ನೀಲಿಗಟ್ಟಿತ್ತು. "ಬಿಡ್ರೀ ಅವರನ್ನ," ಎಂದಳು. "ಸುಮ್ಮನೆ ಕೂತು ಒಂದನ್ನ ಕಳಕೊಂಡಾಯ್ತಲ್ಲ. ಅತ್ತಿಗೆ, ನೀವು ಹೋಗಿ ಬನ್ನಿ. ನಿಮಗೆ ಹೇಗೆ ಬರುತ್ತೋ ಹಾಗೆ ಕೂಗಿ."

ಬಸ್ಸಿನ ಬಳಿ ಡ್ರೈವರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ರಜೆಯಲ್ಲಿ ಚೆನ್ನಾಗಿ ಊಟ ಮಾಡಿದ್ದೀ."

"ನನ್ನ ತಮ್ಮನ ಮಗು ಇದು. ರಸ್ತೆಯ ಗುಂಡಿ ತಪ್ಪಿಸಿ ಓಡಿಸು. ಗುಂಡಿಗೆ ಇಳಿಸಿದೆಯೋ, ನಿನ್ನ ತಲೆ ನಿನ್ನದಲ್ಲ."

ಅವನು ತನ್ನ ಸೀಟಿನ ದಿಂಬನ್ನು ತೆಗೆದು ಅವಳ ಬೆನ್ನಿಗೆ ಕೊಟ್ಟ.

ಮೊದಲ ಸ್ಟಾಪಿನಲ್ಲಿ ಅವಳು ಎಂದಿನಂತೆ ಕೂಗಿದಳು. ಏನೂ ಆಗಲಿಲ್ಲ. ಎರಡನೆಯದರಲ್ಲೂ ಇಲ್ಲ. ನಾನು ತಪ್ಪು ತಿಳಿದೆನೋ ಎಂಬ ಅಳುಕು ಹೊಕ್ಕಿತು. ಆಸ್ಪತ್ರೆ ಸ್ಟಾಪಿನಲ್ಲಿ ಒಬ್ಬ ದಪ್ಪ ಮೀಸೆಯವನು ಎರಡು ಟ್ರಂಕು ಸಮೇತ ಬಾಗಿಲಲ್ಲೇ ನಿಂತುಬಿಟ್ಟ. ಅವಳ ಪಿತ್ತ ನೆತ್ತಿಗೇರಿತು. "ಏನ್ರೀ ಸ್ವಾಮಿ, ಮನೆ ಮಾಡ್ಕೊಂಡು ಇಲ್ಲೇ ಇರ್ತೀರಾ? ಒಳಗೆ ನಡೀರಿ!"

ಟಕ್. ಟಕ್.

ಮೀಸೆಯವನಿಗೂ ಕೇಳಿಸಿತು. "ಏನಮ್ಮಾ ಅದು?"

ಕೆಂಡತ್ತೆಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಕೋಟಿನ ಪಿನ್ನು ಕಿತ್ತು ಮೊಟ್ಟೆ ತೋರಿಸಿ, ನಡೆದದ್ದನ್ನೆಲ್ಲ ಹೇಳಿದಳು. ಬಸ್ಸು ಒಂದು ಕ್ಷಣ ನಿಶ್ಶಬ್ದವಾಯಿತು.

"ಅಯ್ಯೋ, ಸುಮ್ಮನಾಗಬೇಡಿ! ಯಾರಾದ್ರೂ ಏನಾದ್ರೂ ಕೂಗ್ರಪ್ಪಾ!" ಎಂದಳು ಕೆಂಡತ್ತೆ.

ಮೀಸೆಯವನು ಟ್ರಂಕಿನ ಮೇಲೆ ಗುದ್ದತೊಡಗಿದ. ತರಕಾರಿಯವಳು ತನ್ನ ಬುಟ್ಟಿಯಲ್ಲಿದ್ದುದನ್ನೆಲ್ಲ ರಾಗವಾಗಿ ಕೂಗಿ ಮಾರಿದಳು. ಹಿಂದಿನ ಸೀಟಿನ ಗಂಡ ಹೆಂಡತಿ ಅರ್ಧಕ್ಕೆ ನಿಲ್ಲಿಸಿದ್ದ ಜಗಳವನ್ನು ಮತ್ತೆ ಹಿಡಿದರು, ಈ ಸಲ ಹೊಟ್ಟೆ ತುಂಬ ನಗುತ್ತ. ನಿವೃತ್ತ ಡ್ರಿಲ್ ಮಾಸ್ತರರೊಬ್ಬರು ಎದ್ದು ನಿಂತು "ಎಡ, ಬಲ!" ಎಂದು ಅಬ್ಬರಿಸಿದರು. ಡ್ರೈವರ್ ಕಿಟಕಿಯಿಂದ ಕೈ ಹಾಕಿ ಬಸ್ಸಿನ ತಗಡನ್ನು ಢಣಢಣ ಬಡಿದ. ಯಾವ ಸ್ಟಾಪಿನಲ್ಲೂ ಯಾರೂ ಇಳಿಯಲಿಲ್ಲ. ಹತ್ತಿದವರು ಮೊದಲು ಬೆಚ್ಚಿ, ವಿಷಯ ತಿಳಿದ ಮೇಲೆ ತಾವೂ ಗದ್ದಲಕ್ಕೆ ಸೇರಿಕೊಂಡರು.

ಮಾರುಕಟ್ಟೆಯ ತಿರುವಿನಲ್ಲಿ ಮೊಟ್ಟೆಯ ನೆತ್ತಿಯ ಮೇಲೆ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಬಿರುಕು ಅಗಲವಾಯಿತು. ಒದ್ದೆ ಮೂಗೊಂದು ಹೊರಗೆ ಬಂತು, ಆಮೇಲೆ ಮುಷ್ಟಿ. ಕೊನೆಗೆ ಇಡೀ ಹೆಣ್ಣುಮಗು ಕೆಂಡತ್ತೆಯ ಮಡಿಲಿಗೆ ಜಾರಿ, ಬಾಯಿ ತೆರೆದು ಕಿರುಚಿತು. ಆ ಕಿರುಚಾಟಕ್ಕೆ ಡ್ರಿಲ್ ಮಾಸ್ತರರು ಕಿವಿ ಮುಚ್ಚಿಕೊಂಡರು.

"ಅಪ್ಪಟ ನಿನ್ನದೇ ದನಿ," ಎಂದ ಡ್ರೈವರ್. ಅವನ ಕಣ್ಣು ಒದ್ದೆಯಾಗಿತ್ತು.

ಮಾರುಕಟ್ಟೆಯಲ್ಲಿ ಬಸ್ಸು ನಿಲ್ಲಲೇ ಇಲ್ಲ. ಅವನು ನೇರವಾಗಿ ಬೀಗದ ಅಂಗಡಿಯ ಬೀದಿಗೆ ತಿರುಗಿಸಿದ. ಅಷ್ಟು ದೊಡ್ಡ ಬಸ್ಸು ಆ ಬೀದಿಗೆ ಹಿಂದೆಂದೂ ಬಂದಿರಲಿಲ್ಲ. ಕೀಲಿ ಉಜ್ಜುತ್ತಿದ್ದ ಅರವನ್ನು ಬಿಸುಟು ತಮ್ಮ ಹೊರಗೋಡಿ ಬಂದ. ಮೇಲಿನ ಕಿಟಕಿಯಲ್ಲಿ ಅವನ ಹೆಂಡತಿ. ಕೆಂಡತ್ತೆ ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ನೋಡೇ ತಾಯಿ, ನಿನ್ನ ಮಗಳು!" ಎಂದು ಕೂಗಿದಳು. ಬಸ್ಸಿನ ತುಂಬ ಇದ್ದವರು ಕೇಕೆ ಹಾಕಿದರು. ತಣ್ಣಗಿದ್ದ ತಾಯಿಯ ಮೈಗೆ ಮಗುವನ್ನು ಒತ್ತಿ ಮಲಗಿಸಿದ ಮೇಲೆ ಅವಳ ತುಟಿಗೆ ಮೆಲ್ಲಮೆಲ್ಲನೆ ಕೆಂಪು ಮರಳಿತು.

ಡಿಪೋದವರು ದಾರಿ ತಪ್ಪಿಸಿದ್ದಕ್ಕೆ ಇಬ್ಬರನ್ನೂ ಕರೆಸಿ ವಿಚಾರಿಸಿದರು. ಮೀಸೆಯವನಿಂದ ಹಿಡಿದು ತರಕಾರಿಯವಳವರೆಗೆ ಅಷ್ಟೂ ಪ್ರಯಾಣಿಕರು ಡಿಪೋ ಬಾಗಿಲಿಗೆ ಬಂದು ಕೂತುಬಿಟ್ಟರು. ಇವರನ್ನೆಲ್ಲ ಮೊದಲು ಇಲ್ಲಿಂದ ಕಳಿಸಿ ಎಂದು ಸಾಹೇಬರು ಆ ವಿಚಾರಣೆಯನ್ನು ಅಲ್ಲಿಗೇ ಬಿಟ್ಟರು.

ದೊಡ್ಡಜ್ಜ ಮಗುವನ್ನು ನೋಡಲು ಬಂದವನು ತೊಟ್ಟಿಲ ಪಕ್ಕ ಕೂತ. "ನಾನು ಕೇಳೋದನ್ನೇ ಕಲಿತೆ ಕಣಮ್ಮಾ," ಎಂದ. "ಕೂಗೋದು ನನಗೆ ಹೊಳೀಲೇ ಇಲ್ಲ. ಹೊಳೆದಂಡೆಯ ಮನೆಯಲ್ಲಿ ಇನ್ನೊಂದು ಮೊಟ್ಟೆ ತಡವಾಗಿದೆ. ನನ್ನ ಜೊತೆ ಬರ್ತೀಯಾ?"

"ಬರ್ತೀನಿ ಅಜ್ಜ. ಬೆಳಗಿನ ಪಾಳಿ ಮುಗಿಸಿ ಬರ್ತೀನಿ."

ಅಂದಿನಿಂದ ಅವರಿಬ್ಬರೂ ಜೊತೆಯಾಗಿಯೇ ಹೋಗುತ್ತಾರೆ. ಕುಲದ ಸಭೆಯಲ್ಲಿ ದೊಡ್ಡಜ್ಜನ ಪಕ್ಕ ಅವಳಿಗೂ ಒಂದು ಕುರ್ಚಿ ಹಾಕಿದ್ದಾರೆ. ಆ ಸಾಲಿನಲ್ಲಿ ಕೂತ ಮೊದಲ ಹೆಂಗಸು ಅವಳು. ಅವಳು ಕೂಗಿದ ಮೊಟ್ಟೆಗಳೆಲ್ಲ ಒಡೆದವು ಎಂದೇನಲ್ಲ. ಒಡೆಯದೆ ಉಳಿದ ಮನೆಗಳಲ್ಲಿ ಅವಳು ತಾಯಂದಿರ ಪಕ್ಕದಲ್ಲಿ ಮೈಗೆ ಮೈ ತಾಗಿಸಿ ಕೂತು ಬರುತ್ತಾಳೆ. ಒಡೆದವೂ ಕಡಿಮೆಯೇನಿಲ್ಲ. ಈಗ ಆ ಕುಲದ ಯಾವ ಮನೆಯಲ್ಲಿ ಕಾವು ನಡೆದರೂ ಬೀದಿಯ ಕೊನೆಯವರೆಗೆ ಹಾಡು, ಹರಟೆ, ತಮಟೆ ಕೇಳಿಸುತ್ತದೆ. ನೆರೆಯವರು ನಿದ್ದೆ ಕೆಟ್ಟಿತೆಂದು ಗೊಣಗುತ್ತಾರೆ, ಗೊಣಗುತ್ತಲೇ ಒಳಗೆ ಬಂದು ತಾವೂ ನಾಲ್ಕು ಮಾತು ಕೂಗಿ ಹೋಗುತ್ತಾರೆ.