ಗುಂಡಿಗೊಂದು ಉಬ್ಬು

ನನ್ನ ಅಂಗಡಿಯ ಮುಂದೆ ಒಂದು ಹಳೆಯ ಲಾರಿ ಟೈರು ಮಲಗಿರುತ್ತಿತ್ತು. ಕುರ್ಚಿಗೆ ಗತಿಯಿಲ್ಲದೆ ಹಾಕಿದ್ದಲ್ಲ; ಕುರ್ಚಿಯಲ್ಲಿ ಕೂತ ಗಿರಾಕಿ ಗಡಿಯಾರ ನೋಡುತ್ತಾನೆ, ಟೈರಿನ ಮೇಲೆ ಕೂತವನು ಕತೆ ಹೇಳುತ್ತಾನೆ ಎಂಬುದನ್ನು ಈ ಕಸುಬು ನನಗೆ ಬಹಳ ಬೇಗ ಕಲಿಸಿತ್ತು. ಬೆಳಿಗ್ಗೆ ಹಾಲಿಲ್ಲದ ಚಹಾ ಹಿಡಿದು ಅದರ ಮೇಲೆ ಕೂತರೆ, ಈ ಅರಬ್ ನಾಡಿನ ಪೇಟೆಯಾದ ಖಮೀಸ್ ಮುಶೈತ್‌ನಿಂದ ಗುಡ್ಡ ಬಳಸಿ ಬರುವ ರಸ್ತೆ, ಎದುರಿಗೆ ಭಟ್ಕಳದ ಇಸ್ಮಾಯಿಲ್ ಭಾಯಿಯ ದಿನಸಿ ಅಂಗಡಿ, ಅದರಾಚೆಗೆ ಆಡಿನ ದೊಡ್ಡಿಗಳು, ಇಷ್ಟೂ ನನ್ನ ರಾಜ್ಯದಂತೆ ಕಾಣುತ್ತಿದ್ದವು.

ಅರಬ್ಬಿಯಲ್ಲಿ ಪಕಾರವಿಲ್ಲ. ಹಾಗಾಗಿ ಪಂಕ್ಚರ್ ಎಂಬ ಪದ ಇಲ್ಲಿಗೆ ಬರುವ ದಾರಿಯಲ್ಲಿ ಸ್ವಲ್ಪ ಗಾಳಿ ಕಳೆದುಕೊಂಡು ‘ಬನ್ಶರ್’ ಆಯಿತು. ನನ್ನ ಬೋರ್ಡಿನ ಮೇಲೂ ಅದೇ ಇದೆ. ಪಕಾರವೇ ಇಲ್ಲದ ಮೇಲೆ ಪಂಚಾಯಿತಿ ಇರುವುದಾದರೂ ಹೇಗೆ? ಅದರ ಜಾಗದಲ್ಲಿ ಬಲದಿಯಾ ಇದೆ. ಹೆಸರಿನಲ್ಲಿ ಬಲವಿದೆ ಎಂದು ಹೆದರಬೇಡಿ. ಕಸ ಎತ್ತುವುದು, ಬೀದಿದೀಪ ಉರಿಸುವುದು, ಕ್ಷೌರದಂಗಡಿಯ ಟವಲನ್ನು ಮೂಸುವುದು, ಹೋಟೆಲಿನವನ ಉಗುರು ನೋಡುವುದು, ಬೋರ್ಡಿನ ಅಕ್ಷರದ ಅಗಲ ಅಳೆಯುವುದು ಎಲ್ಲವೂ ಅದರದೇ. ಹೊಸದಾಗಿ ಮನೆಗೆ ಬಂದ ಅತ್ತೆ ಊರೆಲ್ಲವನ್ನೂ ತನ್ನ ಅಡುಗೆಮನೆ ಎಂದುಕೊಂಡರೆ ಹೇಗೋ ಹಾಗೆ.

ನಮ್ಮ ಬೈಂದೂರಿನ ಕಡೆ ಗುಂಡಿ ಮುಚ್ಚಬೇಕಾದರೆ ಮೊದಲು ಆ ಗುಂಡಿಗೊಂದು ಯೋಗ್ಯತೆ ಬರಬೇಕು. ಯಾವ ವಾರ್ಡಿನದು, ಯಾವ ಪಕ್ಷದ್ದು, ಕಳೆದ ಸಲ ಯಾರಿಗೆ ವೋಟು ಹಾಕಿತ್ತು ಎಂಬುದೆಲ್ಲ ವಿಚಾರಣೆಯಾಗಿ, ಮೆಂಬರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡ ಮೇಲೆ ಗುಂಡಿಗೇ ಗರ್ವ ಬಂದು ಅದು ಇನ್ನಷ್ಟು ಅಗಲವಾಗುತ್ತದೆ. ಇಲ್ಲಿ ಗುಂಡಿಗೆ ಪಕ್ಷವಿಲ್ಲ, ನಿಜ. ಆದರೆ ಪಕ್ಷವಿಲ್ಲದ ಗುಂಡಿಯ ಪಕ್ಷ ವಹಿಸುವವರೂ ಇಲ್ಲ.

ಅಂಥದ್ದೊಂದು ಗುಂಡಿ ನನ್ನ ಅಂಗಡಿಯಿಂದ ಕೂಗಳತೆಯಲ್ಲೇ ಹುಟ್ಟಿಕೊಂಡಿತು. ಪೈಪಿಗೆಂದು ಅಗೆದರು, ಮುಚ್ಚಿದರು, ಮುಚ್ಚಿದ್ದು ಕುಸಿಯಿತು. ಇಳಿಜಾರಿನಲ್ಲಿ ವೇಗವಾಗಿ ಬಂದ ಗಾಡಿಗಳು ಧಡಕ್ಕನೆ ಅದರೊಳಗೆ ಇಳಿದು, ಟೈರು ಒಡೆದುಕೊಂಡು, ಕುಂಟುತ್ತ ನೇರ ನನ್ನ ಬಾಗಿಲಿಗೇ ಬಂದು ನಿಲ್ಲತೊಡಗಿದವು. ಭಾಗ್ಯದ ಬಾಗಿಲು ತೆರೆಯಿತು ಎನ್ನುತ್ತೀರಿ. ನಾನೂ ಹಾಗೆಯೇ ಎಂದುಕೊಂಡಿದ್ದೆ, ಅಬು ಫಾಲೆಹ್ ಬರುವ ತನಕ.

ಅಬು ಫಾಲೆಹ್ ಎಂದರೆ ಆಡು ಸಾಕುವ ಮುದುಕ, ನಾನು ಈ ಊರಿಗೆ ಬಂದಾಗ ಮೊದಲು ಆ ಟೈರಿನ ಮೇಲೆ ಕೂತು ಕತೆ ಹೇಳಿದವನು. ಅವನ ಪಿಕಪ್ಪು ಎರಡನೆಯ ಸಲ ಗುಂಡಿಗೆ ಇಳಿದ ದಿನ, ಅವನು ಕೂರಲಿಲ್ಲ. ಊರಿನ ನಾಲ್ಕು ಜನರ ಎದುರು, ಇಲ್ಲಿ ಪರದೇಶದ ಕೆಲಸಗಾರರನ್ನೆಲ್ಲ ಕರೆಯುವ ಹಾಗೆ ನನ್ನನ್ನೂ ‘ಸದೀಕ್’, ಅಂದರೆ ಗೆಳೆಯ, ಎಂದು ಕರೆದು, “ಮಾಶಾಅಲ್ಲಾ ಸದೀಕ್! ಅಂಗಡಿಯೂ ನಿನ್ನದು, ಗುಂಡಿಯೂ ನಿನ್ನದು” ಎಂದ. ನಾಲ್ವರೂ ನಕ್ಕರು. ಮರುವಾರದಿಂದ ಅವನ ಗಾಡಿ ಗಾಳಿ ತುಂಬಿಸಲಿಕ್ಕೂ ಖಮೀಸಿಗೇ ಹೋಗತೊಡಗಿತು.

ಗಿರಾಕಿ ಹೋದರೆ ಇನ್ನೊಬ್ಬ ಬರುತ್ತಾನೆ. ಹೆಸರು ಹೋದರೆ? ಶಾಲೆಯ ಸರ್ಟಿಫಿಕೇಟು ಇಲ್ಲದವನಿಗೆ ಕೈಕೆಲಸದ ಹೆಸರೇ ಸರ್ಟಿಫಿಕೇಟು; ಅದರ ಮೇಲೆ ಯಾರಾದರೂ ಮಸಿ ಚೆಲ್ಲಿದರೆ ನನಗೆ ನಿದ್ದೆ ಬರುವುದಿಲ್ಲ. ಕೂಡಲೇ ಕೂರುವ ಟೈರನ್ನೇ ಉರುಳಿಸಿಕೊಂಡು ಹೋಗಿ, ಗಾಡಿಯವರಿಗೆ ದೂರದಿಂದಲೇ ಕಾಣಲೆಂದು ಗುಂಡಿಯ ನಡುವೆ ನಿಲ್ಲಿಸಿ ಬಂದೆ. ಬಲದಿಯಾದ ಕಾರ್ಯದಕ್ಷತೆಯ ಮೊದಲ ದರ್ಶನ ಆಗ ಆಯಿತು. ತಿಂಗಳುಗಟ್ಟಲೆ ಅವರ ಕಣ್ಣಿಗೆ ಬೀಳದಿದ್ದ ಗುಂಡಿಯಿಂದ ನನ್ನ ಟೈರನ್ನು ಮರುದಿನ ಬೆಳಿಗ್ಗೆಯೇ ಕಸದ ಲಾರಿ ಎತ್ತಿಕೊಂಡು ಹೋಯಿತು. ಗುಂಡಿಯನ್ನು ಮಾತ್ರ ಬಹಳ ಚೊಕ್ಕಟವಾಗಿ ಗುಡಿಸಿದ್ದರು.

“ಬಲದಿಯಾಕ್ಕೆ ಹೋಗಿ ಹೇಳುವಾ, ನಾನೂ ಬರ್ತೇನೆ” ಎಂದರು ಇಸ್ಮಾಯಿಲ್ ಭಾಯಿ. “ನಿಮ್ಮ ಅರಬ್ಬಿ ಟೈರಿಗೆ ಸಾಕು ವಾಸಣ್ಣ, ಆಫೀಸಿಗೆ ಸಾಕಾಗುದಿಲ್ಲ.”

ಆ ಮಾತು ನನಗೆ ಮೊಳೆಯಂತೆ ಹೊಕ್ಕಿತು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಹೌದು. ಆದರೆ ಹಿಂದಿ, ಮಲಯಾಳ, ಅರಬ್ಬಿಗಳನ್ನು ಯಾವ ಮೇಷ್ಟರ ಬೆತ್ತವೂ ಇಲ್ಲದೆ ಕಲಿತವನೂ ನಾನೇ. ಒಬ್ಬನೇ ಹೋದೆ. ಆಫೀಸಿನಲ್ಲಿ ಕೂತಿದ್ದ ಹುಡುಗಪ್ರಾಯದ ಅಧಿಕಾರಿ ಎದ್ದು ನಿಂತು ಕೈಕುಲುಕಿ, ಖರ್ಜೂರ ಕೊಟ್ಟು, ಪುಟ್ಟ ಬಟ್ಟಲಿಗೆ ಕಾಫಿ ಬಗ್ಗಿಸಿದ. ನಮ್ಮೂರಿನಲ್ಲಾದರೆ ಇಷ್ಟು ಉಪಚಾರ ಸಿಗಲು ನಾನು ಚುನಾವಣೆಗೆ ನಿಲ್ಲಬೇಕಾಗಿತ್ತು.

ಈಗ ಭಾಷೆಯ ವಿಷಯ ಸ್ವಲ್ಪ ಕೇಳಿ. ಟೈರು ಒಡೆದುಕೊಂಡು ಬರುವವರೆಲ್ಲ ಮೊದಲು ಶಪಿಸುವುದು ‘ಮತಬ್’ ಎಂಬುದೊಂದನ್ನು. ಆದ್ದರಿಂದ ರಸ್ತೆಯಲ್ಲಿ ಟೈರು ಕೊಲ್ಲುವ ಪದಾರ್ಥದ ಹೆಸರೇ ಮತಬ್ ಎಂದು ನಾನು ತಿಳಿದಿದ್ದೆ. ಇನ್ನು ‘ಸವ್ವಿ’ ಎಂದರೆ ಮಾಡು. ನಮ್ಮಲ್ಲಿ ‘ಮಾಡು’ ಎಷ್ಟು ಉದಾರವಾದ ಶಬ್ದ! ‘ಆ ಗುಂಡಿಯದ್ದೊಂದು ಮಾಡಿ ಮಾರಾಯ್ರೆ’ ಎಂದರೆ ಮುಚ್ಚಿ ಎಂದೇ ಅರ್ಥ, ಇನ್ನೊಂದು ತೋಡಿ ಎಂದು ಯಾರೂ ಓಡುವುದಿಲ್ಲ. ಆ ಧೈರ್ಯದಿಂದ ನಾನು ಗಂಭೀರವಾಗಿ, “ಮತಬ್ ಸವ್ವಿ” ಎಂದೆ.

“ನಿನ್ನ ಅಂಗಡಿಯ ಹತ್ತಿರವೇ?” ಎಂದು ಕೇಳಿದ.

“ಹತ್ತಿರವೇ!”

“ದೊಡ್ಡದೇ?”

“ದೊಡ್ಡದು, ಬಹಳ ದೊಡ್ಡದು!”

ಅಧಿಕಾರಿ ನನ್ನ ನಾಗರಿಕ ಪ್ರಜ್ಞೆಯನ್ನು ಮೆಚ್ಚಿ ತಲೆದೂಗಿದ.

ನಾನು ಟ್ಯೂಬು ತರಲು ಖಮೀಸಿಗೆ ಹೋಗಿದ್ದ ದಿನ ಅವರು ಬಂದು ಕೆಲಸ ಮುಗಿಸಿದರು. ಸಂಜೆ ಹುಮ್ಮಸ್ಸಿನಿಂದ ಮರಳುತ್ತಿದ್ದ ನನ್ನ ತಲೆ ಗಾಡಿಯ ಮಾಡಿಗೆ ಬಡಿಯಿತು. ರಸ್ತೆಗೆ ಅಡ್ಡಲಾಗಿ, ಈಗಷ್ಟೇ ನೀರಿನಿಂದೆದ್ದ ಎಮ್ಮೆಯ ಬೆನ್ನಿನಂತೆ ಕಪ್ಪಗೆ ಮಿನುಗುವ ದೊಡ್ಡ ಉಬ್ಬು. ಅದರಾಚೆ, ಯಾರೂ ಮುಟ್ಟದ ನನ್ನ ಗುಂಡಿ. ಅಷ್ಟರಲ್ಲಿ ಮೊಬೈಲಿಗೆ ಬಲದಿಯಾದ ಸಂದೇಶವೂ ಬಂತು. ಎದುರಂಗಡಿಯಲ್ಲಿ ಇಸ್ಮಾಯಿಲ್ ಭಾಯಿ ಅದನ್ನು ಓದಿದರು: ನಿಮ್ಮ ಬೇಡಿಕೆ ಈಡೇರಿದೆ, ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?

“ಎಂತ ಕೇಳಿದ್ದು ಮಾರಾಯ್ರೆ ನೀವು? ಮತಬ್ ಅಂದ್ರೆ ಉಬ್ಬು! ಗುಂಡಿಗೆ ಹುಫ್ರಾ ಅಂತಾರೆ!” ನಗು ತಡೆಯಲಾಗದೆ ಅವರು ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟರು. “ನಕ್ಷತ್ರ ಕೊಡಿ ವಾಸಣ್ಣ, ಕೊಡಿ. ತಲೆ ಬಡಿದಾಗ ಕಂಡದ್ದಷ್ಟೂ ಕೊಡಿ!”

ಸುದ್ದಿ ರಾತ್ರಿಯೊಳಗೆ ಊರು ಸುತ್ತಿತು: ಬನ್ಶರಿನವನು ಸ್ವತಃ ಹೋಗಿ ಉಬ್ಬು ಕೇಳಿದನಂತೆ. ಅಬು ಫಾಲೆಹ್ ಗಾಡಿ ನಿಧಾನಿಸಿ ಗಾಜು ಇಳಿಸಿ, “ಗುಂಡಿ ಒಂದೇ ಸಾಕಾಗಲಿಲ್ಲವಾ ಸದೀಕ್?” ಎಂದು ಹೇಳಿ ಹೋದ. ಆ ದಿನ ನನಗೆ ಕೂರಲು ಟೈರೂ ಇರಲಿಲ್ಲ, ತೋರಿಸಲು ಮುಖವೂ ಇರಲಿಲ್ಲ.

ಅಂಗಡಿಯ ಒಳಗೆ ನಿಂತೇ ಚಹಾ ಕುಡಿಯುತ್ತ ನಾನು ಎರಡು ಸರಕಾರಗಳನ್ನು ತೂಗಿ ನೋಡುತ್ತಿದ್ದೆ. ನಮ್ಮ ಪಂಚಾಯಿತಿಗೆ ನನ್ನ ಮಾತಿನ ಒಂದೊಂದು ಅಕ್ಷರವೂ ಅರ್ಥವಾಗುತ್ತದೆ, ಆದರೆ ಅದು ಏನೂ ಮಾಡುವುದಿಲ್ಲ. ಇಲ್ಲಿನ ಬಲದಿಯಾಕ್ಕೆ ನನ್ನ ಮಾತು ಅರ್ಥವಾಗುವುದಿಲ್ಲ, ಆದರೆ ಅದು ತಕ್ಷಣ ಮಾಡಿಬಿಡುತ್ತದೆ. ಯಾವುದರ ಕೈಗೆ ನನ್ನ ಕಷ್ಟವನ್ನು ಕೊಡಲಿ, ನೀವೇ ಹೇಳಿ.

ಹಾಗೆ ನಿಂತು ನೋಡುತ್ತಿದ್ದಾಗಲೇ ಕಣ್ಣಿಗೆ ಬಿದ್ದದ್ದು ಒಂದು ವಿಚಿತ್ರ. ಇಳಿಜಾರಿನಲ್ಲಿ ಹಾರಿಕೊಂಡು ಬರುತ್ತಿದ್ದ ಗಾಡಿಗಳು ಉಬ್ಬಿನ ಮುಂದೆ ತಗ್ಗಿ, ಬಗ್ಗಿ, ಮದುಮಗಳು ಮಂಟಪಕ್ಕೆ ಇಳಿದಷ್ಟು ಮೆಲ್ಲಗೆ ಗುಂಡಿಗಿಳಿದು, ಅಷ್ಟೇ ಮೆಲ್ಲಗೆ ಮೇಲೇರಿ ಹೋಗುತ್ತಿದ್ದವು. ಒಂದು ಟೈರೂ ಒಡೆಯಲಿಲ್ಲ. ವಾರಗಳು ಹೋದವು, ನನ್ನ ಅಂಗಡಿ ಬಿಕೋ ಎಂದಿತು.

“ಲೋಕದಲ್ಲಿ ಸರಕಾರಕ್ಕೆ ಹೇಳಿ ತನ್ನ ವ್ಯಾಪಾರ ತಾನೇ ನಿಲ್ಲಿಸಿದವರು ನೀವೊಬ್ಬರೇ” ಎಂದರು ಇಸ್ಮಾಯಿಲ್ ಭಾಯಿ. ಹಾಸ್ಯಕ್ಕೆ ಹೇಳಿದ ಆ ಮಾತನ್ನೇ ಅವರು ಬಂದ ಗಿರಾಕಿಗಳಿಗೆಲ್ಲ ಅರಬ್ಬಿಯಲ್ಲೂ ಹೇಳಿದರೆಂದು ಆಮೇಲೆ ಗೊತ್ತಾಯಿತು.

ಒಂದು ಬೆಳಿಗ್ಗೆ ಅಬು ಫಾಲೆಹ್‌ನ ಪಿಕಪ್ಪು ಬಾಗಿಲಿಗೆ ಬಂದು ನಿಂತಿತು. ಅವನು ಹಿಂದಿನಿಂದ ಒಂದು ಹಳೆಯ ಟೈರನ್ನು ಇಳಿಸಿ, ಮೊದಲಿನದು ಮಲಗುತ್ತಿದ್ದ ಜಾಗದಲ್ಲೇ ಧೊಪ್ಪನೆ ಕೆಡವಿದ.

“ನನ್ನ ದೊಡ್ಡಿಯ ಹತ್ತಿರವೂ ಒಂದು ಗುಂಡಿ ಬಿದ್ದಿದೆ. ಬಲದಿಯಾಕ್ಕೆ ನೀನೇ ಹೋಗಿ ಹೇಳು” ಎಂದ.

“ಏನೆಂದು ಹೇಳಲಿ? ಹುಫ್ರಾ ಮುಚ್ಚಿ ಎನ್ನಲೇ?”

“ಬೇಡ ಬೇಡ” ಎಂದ ಮುದುಕ. “ಮತಬ್ ಸವ್ವಿ ಅಂತಲೇ ಹೇಳು. ನಿನ್ನ ಅರಬ್ಬಿಗೇ ಅವರು ಕೆಲಸ ಮಾಡುವುದು.”

ಚಹಾ ತರುವ ಮೊದಲು ಕಸುಬಿನ ಅಭ್ಯಾಸಕ್ಕೆ ಆ ಟೈರಿನ ಮೇಲೆ ಬೆರಳಾಡಿಸಿದೆ. ಎಲ್ಲೂ ಒಡೆದಿರಲಿಲ್ಲ, ಕೊಯ್ದಿರಲಿಲ್ಲ; ನನ್ನ ಗುಂಡಿಯ ಮೇಲೆಯೇ ಓಡಾಡಿ, ಸುತ್ತಲೂ ಒಂದೇ ಸಮನೆ ಸವೆದು, ವಯಸ್ಸಾಗಿ ತೀರಿಕೊಂಡ ಟೈರು. ಮುದುಕ ಅದರ ಅರ್ಧಕ್ಕೆ ಸರಿದು ಕೂತು, ಉಳಿದರ್ಧವನ್ನು ಅಂಗೈಯಿಂದ ತಟ್ಟಿ ನನ್ನನ್ನು ಕರೆದ.