ಹೂಮಾಲೆಯ ಹಿಂದೆ ನಿಂತ ಸೆಕೆಂಡು

ಪರದೆ ಕಪ್ಪಾಗಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಕಪ್ಪಾದದ್ದು ಕೆಟ್ಟಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ಸಿದ್ದಾಪುರದ ನಮ್ಮ ಅಕ್ಕಿ ಗಿರಣಿಯ ಪರದೆ ಹಾಗಲ್ಲ. ಒಳಗೊಳಗೇ ನಿಂತುಹೋಗಿ, ಬೆಳಗಿನ ಅಂಕಿಯನ್ನೇ ಸಂಜೆಯವರೆಗೂ ತೋರಿಸುತ್ತಿತ್ತು. ಆ ಅಂಕಿ ಬಾಯ್ಲರಿನ ಒತ್ತಡ.

ಒತ್ತಡ ತೋರಿಸುವ ಮುಳ್ಳಿನ ಗಡಿಯಾರ ಏಣಿಯ ಮೇಲೆ, ಹೊಗೆಯಲ್ಲಿತ್ತು. ಕುಷ್ಟಗಿಯಿಂದ ಸೊಸೆಯಾಗಿ ಬಂದು ಗಿರಣಿಯ ಲೆಕ್ಕ, ಕಂಪ್ಯೂಟರು ನೋಡಿಕೊಳ್ಳುತ್ತಿದ್ದ ನಾನೇ ಆ ಅಂಕಿಯನ್ನು ಕೆಳಗೆ ಒಲೆಯ ಪಕ್ಕದ ಪರದೆಗೆ ತಂದಿದ್ದೆ. ಬಾಯ್ಲರ್ ಕಾಯುವವರು ಇರಕಲ್ಲಗಡದ ಹಿರಿಯರೊಬ್ಬರು, ನಮ್ಮ ಮಾವನವರ ವಯಸ್ಸಿನವರು. ಅವರಿಗೆ ಏಣಿ ಹತ್ತುವ ಕಷ್ಟ ತಪ್ಪಿತ್ತು.

ಕಂಪ್ಯೂಟರಿನ ಕರ್ನಲ್, ಅಂದರೆ ಅದನ್ನು ಒಳಗಿಂದ ನಡೆಸುವ ಮೂಲ ತಂತ್ರಾಂಶ, ಹೊಸದಾದ ಮೇಲೆ ಈ ಕಾಟ ಶುರುವಾಯಿತು. ಹಳೆಯದಕ್ಕೆ ಮರಳೋಣವೆಂದರೆ ಒತ್ತಡ ಓದಲು ಆಮೇಲೆ ಹಾಕಿದ ಹೊಸ ಕಾರ್ಡು ಅದರಲ್ಲಿ ನಡೆಯದು. ಕರ್ನಲ್ ಯಾರೊಬ್ಬರ ಆಸ್ತಿಯೂ ಅಲ್ಲ; ಎಲ್ಲೆಲ್ಲಿಯವರೋ ಸೇರಿ ಬರೆಯುತ್ತಾರೆ, ಒಂದೊಂದು ಭಾಗಕ್ಕೂ ಒಬ್ಬೊಬ್ಬರ ಉಸ್ತುವಾರಿ. ಪರದೆ ನಡೆಸುವ, ಡ್ರೈವರ್ ಎಂಬ ಭಾಗದಲ್ಲಿ ಯಾವ ಬದಲಾವಣೆ ಇದನ್ನು ಮಾಡಿತೆಂದು ಹುಡುಕಿ, ಇಬ್ಬರು ಉಸ್ತುವಾರಿಗಳಿಗೆ ಇಮೇಲ್ ಬರೆದೆ. ಒಬ್ಬರು ಅದನ್ನು ತೆಗೆಯೋಣವೆಂದರು. ಇನ್ನೊಬ್ಬರು, ಅದು ವಿದ್ಯುತ್ ಉಳಿಸಲು ಹಾಕಿದ್ದು, ತೆಗೆದರೆ ಲ್ಯಾಪ್‌ಟಾಪುಗಳ ಬ್ಯಾಟರಿ ಬೇಗ ಖಾಲಿಯಾಗುತ್ತದೆ ಎಂದರು. ಆಮೇಲೆ ಊಟಕ್ಕೆ ಕೂತ ಬೀಗರ ಹಾಗೆ, ಮೊದಲು ನೀವು ಒಪ್ಪಿ, ಮೊದಲು ನೀವು ಒಪ್ಪಿ ಎಂದು ಶುರುಮಾಡಿದರು. ನಡುವೆ ಬಡಿಸುವವಳು ನಾನು. ಚಿಪ್ ಯಾವುದು, ಕೇಬಲ್ ಯಾವುದು ಎಂದು ಇಬ್ಬರೂ ಕೇಳಿದರು, ನಾನೂ ತಾಳ್ಮೆಯಿಂದ ಉತ್ತರಿಸಿದೆ. ಆ ತಾಳ್ಮೆ ನೆನೆದರೆ ಈಗ ಮೈ ಉರಿಯುತ್ತದೆ.

ಅಲ್ಲಿಯವರೆಗೆ ಇರಲಿ ಎಂದು ಪರದೆಯ ಮೂಲೆಯಲ್ಲಿ ಓಡುವ ಸೆಕೆಂಡುಗಳನ್ನು ಇಟ್ಟೆ. ಸೆಕೆಂಡು ನಿಂತರೆ ಅಂಕಿಯೂ ಸುಳ್ಳು, ಆಗ ಏಣಿ ಹತ್ತಿ ಮುಳ್ಳನ್ನು ನೋಡಬೇಕು ಎಂದು ಹಿರಿಯರಿಗೆ ಹೇಳಿಕೊಟ್ಟೆ. ಸೆಕೆಂಡಿನ ಉಪಾಯವನ್ನಷ್ಟೇ ಉಸ್ತುವಾರಿಗಳಿಬ್ಬರಿಗೂ ಬರೆದೆ. ಎಂದೂ ಒಂದಾಗದವರು ಅಂದು ಒಂದಾದರು: ಉಪಾಯ ಸಿಕ್ಕಿತಲ್ಲ, ಇನ್ನು ಅವಸರವಿಲ್ಲ.

ಅಷ್ಟರಲ್ಲಿ ಖಂಡೆಪೂಜೆ ಬಂತು. ಯಂತ್ರಗಳಿಗೆಲ್ಲ ವಿಭೂತಿ ಬಳಿದು, ಕುಂಬಳಕಾಯಿ ಒಡೆದು, ಚೆಂಡುಹೂವಿನ ಮಾಲೆ ಹಾಕಿದರು. ಹಬ್ಬ ಮುಗಿದು ಗಿರಣಿ ಮತ್ತೆ ಶುರುವಾದ ದಿನ ನಾನು ಒಲೆಯ ಬಳಿ ಹೋದಾಗ ಹಿರಿಯರು ಅದಕ್ಕೆ ಭತ್ತದ ಹೊಟ್ಟು ಸುರಿಯುತ್ತಿದ್ದರು.

"ಮುಂಜಾನಿಂದ ಅಂಕಿ ಏರವಲ್ದು ನೋಡ್ರಿ ಅಕ್ಕಾರ," ಎಂದರು. "ಅದಕ್ಕ ಇನ್ನಷ್ಟು ಹಾಕಾಕತ್ತೀನಿ."

ಪರದೆಯ ಮೇಲೂ ಒಂದು ಮಾಲೆ ಇತ್ತು, ಸರಿಯಾಗಿ ಆ ಮೂಲೆಯ ಮೇಲೆಯೇ. ಸರಿಸಿ ನೋಡಿದೆ. ಸೆಕೆಂಡು ನಿಂತಿತ್ತು.

"ಹೊಟ್ಟು ಬಿಡ್ರಿ, ಹೊರಗ ಬರ್ರಿ," ಎಂದೆ. ಅವರು ಸಲಿಕೆ ಕೆಳಗಿಟ್ಟು ತಿರುಗುವಷ್ಟರಲ್ಲಿ ಒತ್ತಡ ಮೀರಿ ಮೇಲಿನ ವಾಲ್ವ್ ತಾನಾಗಿಯೇ ತೆರೆದು, ಬಿಸಿ ಹಬೆ ಕೆಳಗೆ ನುಗ್ಗಿತು. ಬಾಯ್ಲರ್ ಉಳಿಯಿತು. ಅವರ ಬಲಗೈ ಮೊಣಕೈವರೆಗೆ ಬೆಂದಿತ್ತು.

ಗಂಗಾವತಿಯ ಆಸ್ಪತ್ರೆಗೆ ಹೋಗುವಾಗ ಜೀಪಿನಲ್ಲಿ ಅವರು ಹೇಳಿದ್ದು ಇಷ್ಟೇ: "ಪೂಜಿ ಹೂವು ಬಾಡೂ ತನಕ ತೆಗಿಬಾರದಲ್ರಿ."

ಅಂದೇ ಉಸ್ತುವಾರಿಗಳಿಬ್ಬರಿಗೂ ಬರೆದೆ. ಚಿಪ್ಪಿನ ಹೆಸರಿಲ್ಲ, ಕೇಬಲಿನ ಹೆಸರಿಲ್ಲ. ಬಾಯ್ಲರ್, ಮಾಲೆ, ಬೆಂದ ಕೈ. ಪರದೆಯ ಮುಂದೆ ಯಾರು ನಿಂತಿರುತ್ತಾರೆಂದು ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಇಬ್ಬರೂ ಕೂಡಲೇ ಒಪ್ಪಿದರು, ಬದಲಾವಣೆಯನ್ನು ತೆಗೆದರು, ನಾನು ಪರೀಕ್ಷಿಸಿ ಸರಿಯಿದೆ ಎಂದೆ.

ಕೈ ವಾಸಿಯಾಗಿ ಕೆಲಸಕ್ಕೆ ಮರಳಿದ ಹಿರಿಯರು ಪರದೆಯನ್ನು ಬಹಳ ಹೊತ್ತು ನೋಡಿದರು. "ಈಗ ಛಲೋ ಆಗೇತೇನ್ರಿ?"

"ಆಗೇತಿ."

"ಆದ್ರೂ ಏಣಿ ಇಲ್ಲೇ ಇರ್ಲಿ," ಎಂದರು.

ಕೆಲವು ವಾರಗಳ ಮೇಲೆ, ಆ ತಿದ್ದುಪಡಿಯ ದಾಖಲೆಯಲ್ಲಿ ನನ್ನ ಹೆಸರು ನೋಡಿದ, ಪರಿಚಯವಿಲ್ಲದ ಒಬ್ಬರಿಂದ ಇಮೇಲ್ ಬಂತು. ನೀವು ಆ ಬದಲಾವಣೆ ತೆಗೆಸಿದ ಮೇಲೆ ನಮ್ಮ ಯಂತ್ರದ ಬ್ಯಾಟರಿ ನಡುವೆಯೇ ಮುಗಿದು ಪರದೆ ಆರಿಹೋಗುತ್ತಿದೆ, ದಯವಿಟ್ಟು ಮರಳಿ ಹಾಕಿಸಿ ಎಂದು. ಅವರಿಗೆ ಉಸ್ತುವಾರಿಗಳು, ಚಾರ್ಜರ್ ಸಿಕ್ಕಿಸಿಯೇ ಇಡಿ, ಅವಸರವಿಲ್ಲ, ನೋಡೋಣ ಎಂದು ಉತ್ತರಿಸಿದ್ದರು. ನಿಮ್ಮ ಪರದೆಯ ಮುಂದೆ ಯಾರಿರುತ್ತಾರೆ ಎಂದು ನಾನು ಆ ಅಪರಿಚಿತರನ್ನು ಕೇಳಿದೆ.

ಉತ್ತರ ಇನ್ನೂ ಬಂದಿಲ್ಲ.